ಪಾದ್ರಿಯವರ ಮಾತನ್ನು ಅರ್ಧಕ್ಕೆ ನಿಲ್ಲಿಸಿದ್ದು

ಒಣಮೀನಿನ ವಾಸನೆಗೆ ಮೂಗು ಮುಚ್ಚಿಕೊಳ್ಳುವವರು ನೀವಾದರೆ ನಿನ್ನೆ ಅಂಕೋಲೆ ಪೇಟೆಯಲ್ಲಿ ನನ್ನ ಜೊತೆ ನಡೆಯುವುದು ಕಷ್ಟವಿತ್ತು. ನಾನು ಮಾತ್ರ ಬಂಗಡೆ ರಾಶಿಯ ಎದುರು ನಿಂತೇಬಿಟ್ಟೆ. ಆ ವಾಸನೆ ನನ್ನನ್ನು ಇಪ್ಪತ್ತು ವರ್ಷ ಹಿಂದಕ್ಕೆ, ಕಾರವಾರದ ಹತ್ತಿರದ ಮೀನುಗಾರರ ಕೇರಿಯೊಂದಕ್ಕೆ, ಅಲ್ಲಿನ ವಯಸ್ಸಾದ ಪಾದ್ರಿಯವರ ಜಗಲಿಗೆ ಒಯ್ದಿತು.

ಆಗ ನಾನು ಕಾರವಾರದ ಕಚೇರಿಯೊಂದರಲ್ಲಿ ಹೊಸ ಗುಮಾಸ್ತ. ಊರು ಶೆಟಗೇರಿ, ಕೊಂಕಣಿ ಬರುತ್ತದೆ ಎನ್ನುವುದೊಂದೇ ನನ್ನ ಹೆಚ್ಚುಗಾರಿಕೆ. ಘಟ್ಟದ ಮೇಲಿನಿಂದ ಬಂದ ಸಾಹೇಬರಿಗೆ ಅದು ಬರುತ್ತಿರಲಿಲ್ಲ, ಹಾಗಾಗಿ ಹೋದಲ್ಲೆಲ್ಲ ನನ್ನನ್ನು ಕರೆದೊಯ್ಯುತ್ತಿದ್ದರು. ಕೇರಿಯವರು ಮೀನು ಒಣಗಿಸುವ ಮರಳಿನ ಬಯಲಿನ ಮೇಲೆ ರಸ್ತೆ ಹಾಯಿಸುವ ನಕಾಶೆ ತಯಾರಾಗಿತ್ತು. ಒಪ್ಪಿಗೆಯ ಸಹಿಗೆಂದು ನಾಲ್ಕು ಸಲ ಅವರನ್ನು ಕಚೇರಿಗೆ ಕರೆಸಿಯಾಗಿತ್ತು. ಪ್ರತಿ ಸಲವೂ ಅವರು ಒಂದು ದಿನದ ದುಡಿಮೆ ಬಿಟ್ಟು ಬಂದು, ಮೆಟ್ಟಿಲ ಮೇಲೆ ಕಾದು ಕೂತು, ಸಹಿ ಹಾಕದೆ ಹೋಗಿದ್ದರು. ಕೇರಿಯಲ್ಲಿ ಹಿಂದೂಗಳೇ ಹೆಚ್ಚಾದರೂ ಪಾದ್ರಿಯವರ ಮಾತಿಗೆ ಎಲ್ಲರೂ ಬೆಲೆ ಕೊಡುತ್ತಿದ್ದರು. ಅವರಿಂದ ಒಂದು ಮಾತು ಹೇಳಿಸೋಣವೆಂದು ಸಾಹೇಬರು ಹೊರಟರು.

ಸಾಹೇಬರು ಮಿಶನ್ ಶಾಲೆಯಲ್ಲಿ ಓದಿದವರು. ಚಹಾ ಬರುವ ಮೊದಲೇ, ಅಧಿಕಾರವೆಲ್ಲ ದೇವರಿಂದ ಬಂದದ್ದು, ಅದಕ್ಕೆ ತಲೆಬಾಗಬೇಕು ಎಂದು ನಿಮ್ಮ ಶಾಸ್ತ್ರವೇ ಹೇಳುತ್ತದಲ್ಲ ಎಂದರು. ಪಾದ್ರಿಯವರು ಕೊಂಕಣಿಯಲ್ಲಿ ನಿಧಾನವಾಗಿ ಉತ್ತರಿಸಿದರು. ಅಧಿಕಾರ ದೇವರದ್ದೇ ಎಂದು ಅವರೂ ಒಪ್ಪುತ್ತಾರೆ ಸರ್ ಎಂದು ಹೇಳಿ ಅಲ್ಲಿಗೇ ನಿಲ್ಲಿಸಿದೆ. ಹೊಸ ನೌಕರಿ, ನೋಡಿ.

ಪಾದ್ರಿಯವರು ನನ್ನತ್ತ ತಿರುಗಿದರು. ಅವರಿಗೆ ಕನ್ನಡ ಚೆನ್ನಾಗಿ ತಿಳಿಯುತ್ತದೆಂದು ನನಗೆ ಗೊತ್ತಿರಲಿಲ್ಲ.

"ನಾ ಹೇಳಿದ್ದು ಅಷ್ಟೇ ಅಲ್ಲ ಪುತಾ. ಪೂರಾ ಹೇಳು."

ಹೇಳಿದೆ. ಅದೇ ಶಾಸ್ತ್ರ ಮುಂದೆ ಅಧಿಕಾರಿಯನ್ನು ಸೇವಕನೆಂದು ಕರೆಯುತ್ತದೆ, ಜನರ ಒಳಿತಿಗಾಗಿ ದೇವರು ಇಟ್ಟ ಸೇವಕ. ಆ ಸೇವಕ ಈ ಕೇರಿಯವರನ್ನು ನಾಲ್ಕು ಸಲ ತನ್ನ ಬಾಗಿಲಿಗೆ ಕರೆಸಿದ. ತಾನು ಎಷ್ಟು ಸಲ ಇವರ ಬಾಗಿಲಿಗೆ ಬಂದ?

ಸಾಹೇಬರು ಚಹಾ ಮುಗಿಸಿದರು. ಆಮೇಲೆ ಎದ್ದು, ಆ ಬಯಲು ಎಲ್ಲಿದೆ ಎಂದು ಕೇಳಿದರು. ಸುಡುವ ಮರಳಿನಲ್ಲಿ ನಮ್ಮನ್ನು ಕರೆದೊಯ್ದವರು ಮೀನು ಮಾರುವ ಗಿರಿಜಕ್ಕ.

"ಸಾಯಬ್ರೆ, ನಮ್ಮ ಮಳೆಗಾಲದ ಊಟ ಒಣಗೂದು ಇಲ್ಲೇ," ಎಂದಷ್ಟೇ ಹೇಳಿದರು.

ಸಾಹೇಬರು ನಕಾಶೆ ಬಿಚ್ಚಿಕೊಂಡು ಬಹಳ ಹೊತ್ತು ನಿಂತರು. ಕೊನೆಗೆ ರಸ್ತೆ ಪಕ್ಕಕ್ಕೆ ಸರಿಯಿತು. ಬಯಲಿನ ಒಂದು ಮೂಲೆ ಹೋಯಿತು, ಉಳಿದದ್ದು ಕೇರಿಯವರಿಗೇ ಉಳಿಯಿತು.

ವಾಪಸು ಬರುವಾಗ ಜೀಪಿನಲ್ಲಿ ಸಾಹೇಬರು, ಇನ್ನು ಮೇಲೆ ಮೊದಲ ಸಲವೇ ಪೂರ್ತಿ ಹೇಳು ಎಂದರು. ಬೈಯಲಿಲ್ಲ. ಹೇಳಿಸಿದ ಪಾದ್ರಿಯವರಿಗೂ ಕೇಳಿಸಿಕೊಂಡ ಸಾಹೇಬರಿಗೂ ನಾನು ಇಂದಿಗೂ ಕೃತಜ್ಞ.

ಈಗ ಸಾಹೇಬರದಂಥದೇ ಕುರ್ಚಿಯಲ್ಲಿ ನಾನು ಕೂರುತ್ತೇನೆ. ಆ ಪಾಠ ಮರೆತ ದಿನಗಳೇ ಹೆಚ್ಚು ಎಂದು ನಿಮ್ಮೆದುರು ಒಪ್ಪಿಕೊಳ್ಳುತ್ತೇನೆ. ಇಂದು ಬೆಳಿಗ್ಗೆ ಅಗಸೂರಿನ ಹೆಂಗಸೊಬ್ಬರು ಹಿತ್ತಲಿನ ಅಳತೆಯ ವಿಷಯಕ್ಕೆ ಮೂರನೆಯ ಸಲ ಬಂದಿದ್ದರು. ನಾಳೆ ಬನ್ನಿ ಎನ್ನಲು ಬಾಯಿ ತೆರೆದವನು ತಡೆದುಕೊಂಡೆ.

"ನೀವು ಬರೂದು ಬೇಡ ಅಕ್ಕಾ. ನಾಳೆ ನಾನೇ ಬತ್ತೆ."

ಅವರು ನಂಬಿದಂತೆ ಕಾಣಲಿಲ್ಲ. ಆದರೂ ಮನೆಯ ದಾರಿಯನ್ನು ಎರಡೆರಡು ಸಲ ಹೇಳಿ ಹೋದರು.