ಡೊಮಿಟಿಲಾಳ ಗುರುವಾರದ ಪಾಠ
ಡೊಮಿಟಿಲಾಗೆ ಕರುಣೆಯಿಲ್ಲ ಎಂಬುದರ ಬಗ್ಗೆ ಸಾಂತಾ ಇನೆಜ್ ಕಣಿವೆಯ ಚುಮಾಷ್ ಮೂಲನಿವಾಸಿಗಳ ಮನೆಗಳಲ್ಲಿ ಎರಡು ಮಾತಿಲ್ಲ. ಗುರುವಾರ ಮಧ್ಯಾಹ್ನ ಸಭಾಭವನದಲ್ಲಿ ಅವಳು ನಡೆಸುವ, ಅವರ ಪೂರ್ವಜರ ಸಮಾಲಾ ಭಾಷೆಯ ತರಗತಿಗೆ ಒಂದು ನಿಮಿಷ ತಡವಾದರೂ ಬಾಗಿಲು ಮುಚ್ಚಿರುತ್ತದೆ. ಅಲ್ಲಿ ಬಡಿಸುವ ಓಕ್ ಕಾಯಿಯ ಅಂಬಲಿಯನ್ನು ಸಮಾಲಾದಲ್ಲಿ ತಪ್ಪಿಲ್ಲದೆ ಕೇಳದವರಿಗೆ ಬಟ್ಟಲು ಸಿಗುವುದಿಲ್ಲ. “ಹೊಟ್ಟೆಗೆ ವ್ಯಾಕರಣ ಗೊತ್ತಾಗಲ್ಲ, ಅತ್ತೆ,” ಎಂದು ಲಾರಿ ಓಡಿಸುವ ಎಲಿಯಾಸ್ ಗೋಗರೆದರೆ, “ಹಾಗಾದ್ರೆ ಇಂಗ್ಲಿಷ್‌ನಲ್ಲೇ ಹಸ್ಕೊಂಡಿರು,” ಎನ್ನುತ್ತಾಳೆ. ಆ ಭಾಷೆಯನ್ನು ಹುಟ್ಟಿನಿಂದ ಬಲ್ಲವರಲ್ಲಿ ಕೊನೆಯವಳು ಡೊಮಿಟಿಲಾಳ ಅಜ್ಜಿ. ಆಕೆ ಯಾರೋ ಪಂಡಿತರಿಗೆ ಹೇಳಿದ ಕಥೆಗಳ ಧ್ವನಿಸುರುಳಿಗಳೇ ಈಗ ಪಠ್ಯ. ಆದರೆ ಮನೆಯ ಮಕ್ಕಳೊಂದಿಗೆ ಆಕೆ ಸ್ಪ್ಯಾನಿಷ್ ಬಿಟ್ಟು ಬೇರೆ ಭಾಷೆ ಆಡಿದವಳಲ್ಲ. ಒಂದು ಸುರುಳಿಯಲ್ಲಿ ಮಾತ್ರ, ಕಥೆಯ ನಡುವೆ ಮಗುವೊಂದರ ಗಲಾಟೆಗೆ ರೇಗಿ, ಮೈಮರೆತು ಸಮಾಲಾದಲ್ಲೇ ಗದರುತ್ತಾಳೆ: “ಹೊರಗೆ ಹೋಗೇ, ಮೆಟ್ಟಿಲ ಮೇಲೆ ಕೂತ್ಕೋ!” ಆ ಮಗು ಐದು ವರ್ಷದ ಡೊಮಿಟಿಲಾ, ಒಂದಕ್ಷರವೂ ಅರ್ಥವಾಗದೆ ಅಲ್ಲೇ ಇನ್ನಷ್ಟು ಕುಣಿದಿದ್ದಳು. ಅಜ್ಜಿ ಆ ಭಾಷೆಯಲ್ಲಿ ಅವಳಿಗೆಂದು ಆಡಿದ್ದು ಅದೊಂದೇ ಮಾತು. ಸುರುಳಿ ಅಲ್ಲಿಗೆ ಬಂದಾಗಲೆಲ್ಲ ಎಪ್ಪತ್ತು ದಾಟಿದ ಡೊಮಿಟಿಲಾ ಪುಸ್ತಕ ಮುಚ್ಚಿಟ್ಟು, ಯಾರ ಮುಖವನ್ನೂ ನೋಡದೆ ಹೊರಗೆ ಹೋಗಿ, ಮೆಟ್ಟಿಲ ಮೇಲೆ ಕೂರುತ್ತಾಳೆ.