ರೇಷ್ಮೆಹುಳು ಸಾಕುತ್ತಿದ್ದ ಪಕ್ಕದ ಮನೆಯಾಕೆ

ದೇವನಹಳ್ಳಿಯಲ್ಲಿ ನಮ್ಮ ಪಕ್ಕದ ಮನೆಯಾಕೆ ರೇಷ್ಮೆಹುಳು ಸಾಕುತ್ತಿದ್ದರು. ಹುಳುಮನೆಯ ಹತ್ತಿರ ಯಾರಾದರೂ ದನಿ ಎತ್ತಿದರೆ, "ಮೆಲ್ಲಗೆ ಮಾತಾಡ್ರಪ್ಪಾ, ಹುಳ ಕೇಳಿಸ್ಕೊಳ್ತವೆ" ಅನ್ನುತ್ತಿದ್ದರು.

ಬಾಂಗ್ಲಾ ಯುದ್ಧದ ಹೊತ್ತಿಗೆ ಅವರ ಒಬ್ಬನೇ ಮಗ ಗಡಿಯಲ್ಲಿದ್ದ. ಬೀದಿಯವರೆಲ್ಲ ನಮ್ಮ ರೇಡಿಯೋ ಮುಂದೆ ಕೂತು, ಅಮೆರಿಕದ ಹಡಗು ಬರುತ್ತದಂತೆ, ರಷ್ಯಾದವರು ಬಿಡುವುದಿಲ್ಲವಂತೆ ಎಂದು ವಾದಿಸುತ್ತಿದ್ದರು. ಆಕೆ ಮಾತ್ರ ಬರುತ್ತಿರಲಿಲ್ಲ.

ಯುದ್ಧ ನಿಂತ ಸುದ್ದಿ ಹೇಳಲು ನಾನೇ ಓಡಿದೆ. ಹುಳುಮನೆಯ ತಟ್ಟೆಗಳಲ್ಲಿ ಹೊಸ ಸೊಪ್ಪು ಹಾಸಿತ್ತು, ಹುಳು ಮೇವು ನಿಲ್ಲಿಸಿ ಪೊರೆ ಬಿಡುವ ಕಾಲವೂ ಅಲ್ಲ. ಆದರೂ ಜಡಿಮಳೆಯಂತೆ ಕೇಳಬೇಕಿದ್ದ ಮೇಯುವ ಸದ್ದು ಇರಲಿಲ್ಲ.

"ಅಕ್ಕಾ, ಯುದ್ಧ ನಿಂತೋಯ್ತಂತೆ. ಇನ್ನು ಮಗ ಬರ್ತಾನೆ."

"ಯಾರು ಹೇಳಿದ್ದು?"

"ರೇಡಿಯೋದಲ್ಲಿ ಬಂತು."

"ಅದು ನನ್ ಮಗನ್ನ ಕಂಡೈತಾ?"

ಕೆಲವು ತಿಂಗಳ ಮೇಲೆ ಮಗ ಬಂದ. ಅದೇ ನಗು, ಹಣೆಯ ಮೇಲೆ ಅದೇ ಹಳೆಯ ಗಾಯದ ಗುರುತು. ನಾವೆಲ್ಲ ಮುತ್ತಿಕೊಂಡು ಬಾಗಿಲವರೆಗೆ ಕರೆತಂದೆವು. ಆಕೆ ಅವನ ಮುಖವನ್ನು ಬಹಳ ಹೊತ್ತು ನೋಡಿದರು.

"ನಾನು ಕಣವ್ವಾ," ಎಂದ.

ಹೊರಗಿನವರಿಗೆ ಕೊಡುವಂತೆ ಕಾಲಿಗೆ ನೀರು ಕೊಟ್ಟು, ಜಗಲಿ ತೋರಿಸಿ, ಆಕೆ ವಿನಯವಾಗಿ ಹೇಳಿದರು: "ಕೂತ್ಕೊಳಪ್ಪಾ. ನನ್ ಮಗ ಇನ್ನೇನು ಬರ್ತಾನೆ."