ಉಗುರಿಗೆ ಸಿಗದ ಕಾಲು ಸುತ್ತು

ನಮ್ಮ ಬೀದಿಯಲ್ಲಿ ಅವರ ನಿಜವಾದ ಹೆಸರು ಯಾರಿಗೂ ಬೇಕಿರಲಿಲ್ಲ. ಕೋವಿ ಹಿಡಿದು ಬಂದವರಿಗೆಲ್ಲ ಅವರು ಹೇಳುತ್ತಿದ್ದ ಮೊದಲ ಮಾತು ಒಂದೇ: "ಮೂತಿ ಆ ಕಡೆ!" ಮೂತಿ ಎಂದರೆ ಕೋವಿಯ ಬಾಯಿ. ಹಾಗಾಗಿ ಮೂತಿ ಮಾವ ಎಂದೇ ಹೆಸರಾಯಿತು. ಕೋವಿ ರಿಪೇರಿಯ ಅವರ ಅಂಗಡಿಗೂ ನನ್ನ ಜೆರಾಕ್ಸ್ ಅಂಗಡಿಗೂ ನಡುವೆ ಇದ್ದದ್ದು ಒಂದು ಗೋಡೆ. ಅವರು ಅರ ಹಿಡಿದು ಉಜ್ಜಿದರೆ ಈಚೆ ನನ್ನ ಹಲ್ಲು ಜುಮ್ಮೆನ್ನುತ್ತಿತ್ತು. ನನ್ನ ಮೆಷಿನ್ನು ಕಾಗದ ನುಂಗಿ, ನಾನು ಅದಕ್ಕೆ ಬಾಯಿಗೆ ಬಂದಂತೆ ಬೈದರೆ ಅವರು ಆಚೆಯಿಂದ ಗೋಡೆ ಕುಟ್ಟುತ್ತಿದ್ದರು. ಹದಿನಾಲ್ಕು ವರ್ಷ ಹೀಗೇ ನಡೆಯಿತು.

ಮುಚ್ಚಿದ ಕೋವಿ ಅವರ ಹೊಸ್ತಿಲು ದಾಟುವಂತಿರಲಿಲ್ಲ. ಬಾಗಿಲಲ್ಲೇ ನಿಂತು ಅದನ್ನು ನಡುವಿಗೆ ಮಡಚಿ ತೆರೆಯಬೇಕು, ತೋಟಾ ಕೂರುವ ಜಾಗ ಖಾಲಿ ಎಂದು ತೋರಿಸಬೇಕು. ಆಮೇಲೂ ಅವರು ಬೆರಳು ತೂರಿಸಿ ನೋಡುತ್ತಿದ್ದರು. ತಾವೇ ಮೇಜಿನ ಮೇಲಿಟ್ಟು ಒಳಗೆ ಹೋಗಿ ನೀರು ಕುಡಿದು ಬಂದರೂ ಮತ್ತೊಮ್ಮೆ ನೋಡುತ್ತಿದ್ದರು. ಒಮ್ಮೆ ಪೊಲೀಸ್ ಅಧಿಕಾರಿಯೊಬ್ಬರು, "ಖಾಲಿ ಇದೆ ಕಣ್ರೀ, ನಾನೇ ಹೇಳ್ತಿದೀನಲ್ಲ" ಎಂದರು. "ನೀವು ಹೇಳ್ತೀರಿ ಸಾರ್, ಅದನ್ನ ಕೋವಿ ಹೇಳ್ಬೇಕಲ್ಲ" ಎಂದು ಮಾವ ಅವರನ್ನು ಬಾಗಿಲಲ್ಲೇ ನಿಲ್ಲಿಸಿಬಿಟ್ಟರು. ಸಾಹೇಬರು ಮುಖ ಗಂಟು ಹಾಕಿಕೊಂಡು ಕೋವಿ ತೆರೆದರು. ಈಚೆ ನನ್ನ ಬಾಗಿಲಿಂದ ನೋಡುತ್ತಿದ್ದ ನಾನು ನಗು ತಡೆಯಲಾರದೆ ಸೆರಗು ಕಚ್ಚಿಕೊಂಡೆ.

ನಮ್ಮಿಬ್ಬರ ಸ್ನೇಹ ಶುರುವಾದದ್ದು ರದ್ದಿ ಕಾಗದದಿಂದ. ಮನೆಯ ಪ್ಲಾನುಗಳನ್ನು ದೊಡ್ಡ ಹಾಳೆಯಲ್ಲಿ ತೆಗೆದುಕೊಡುವಾಗ ಹಾಳಾದವು ನನ್ನಲ್ಲಿ ಗುಡ್ಡೆ ಬೀಳುತ್ತಿದ್ದವು. ಮಾವ ಅವನ್ನು ಒಯ್ದು ಊರಾಚೆಯ ಶೂಟಿಂಗ್ ಕ್ಲಬ್ಬಿನಲ್ಲಿ ಹಲಗೆಗೆ ಬಡಿದು, ನಲವತ್ತು ಹೆಜ್ಜೆ ದೂರದಿಂದ ಗಿರಾಕಿಯ ಕೈಯಲ್ಲಿ ಒಂದೇ ಒಂದು ಸಲ ಗುಂಡು ಹೊಡೆಸಿ ತರುತ್ತಿದ್ದರು. ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ನನ್ನ ಮೇಜಿನ ಮೇಲೆ ಅದನ್ನು ಹರಡಿ ದೊಡ್ಡದೊಂದು ವೃತ್ತ ಬರೆದು ತೂತು ಎಣಿಸುವುದು. ಯಾರದೋ ಕನಸಿನ ಮನೆಯ ಅಡುಗೆಮನೆಗೇ ನೂರಾ ಮೂವತ್ತು ತೂತು ಬಿದ್ದಿರುತ್ತಿದ್ದವು.

"ಇದೆಲ್ಲ ಯಾಕೆ ಎಣಿಸ್ತೀರಿ ಮಾವ?" ಎಂದು ಮೊದಮೊದಲು ಕೇಳಿದ್ದೆ.

"ಚೋಕ್ ಹೆಂಗಿದೆ ಅಂತ ತಿಳಿಯೋಕೆ. ಈ ಕೋವಿ ತೋಟಾದಲ್ಲಿ ಒಂದು ಗುಂಡಲ್ಲಮ್ಮ, ಸಣ್ಣ ಸಣ್ಣ ಕಾಳು ನೂರಾರು ಇರುತ್ತೆ. ನಳಿಗೆ ತುದೀಲಿ, ಒಳಗಡೆ, ಕೂದಲೆಳೆಯಷ್ಟು ಇಕ್ಕಟ್ಟು ಮಾಡಿರ್ತಾರೆ. ಅದೇ ಚೋಕು. ಪೈಪಲ್ಲಿ ಗಿಡಕ್ಕೆ ನೀರು ಬಿಡುವಾಗ ಬಾಯಿಗೆ ಬೆರಳು ಒತ್ತಿದ್ರೆ ಏನಾಗುತ್ತೆ?"

"ನನ್ನ ಸೀರೆ ಒದ್ದೆಯಾಗುತ್ತೆ."

"ನಿನ್ನ ತಲೆ. ಇಕ್ಕಟ್ಟು ಜಾಸ್ತಿಯಾದ್ರೆ ಕಾಳೆಲ್ಲ ದೂರದ ತನಕ ಒಟ್ಟಿಗೇ ಹೋಗುತ್ತೆ. ಕಡಿಮೆಯಾದ್ರೆ ಬೇಗ ಹರಡಿಕೊಳ್ಳುತ್ತೆ. ದೂರದ ಗುರಿಗೆ ಬಿಗಿ, ಹತ್ತಿರದ್ದಕ್ಕೆ ಸಡಿಲ. ಅಷ್ಟೇ ವಿದ್ಯೆ."

ಅಷ್ಟೇ ವಿದ್ಯೆ ಎಂದವರು ಅದನ್ನೇ ವರ್ಷಗಟ್ಟಲೆ ಹೇಳಿದರು, ನಾನೂ ಕೇಳಿದೆ. ಅವರು ಮದುವೆಯಾಗಿರಲಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಮಂಚ, ಒಂದು ತಟ್ಟೆ, ಒಂದು ಲೋಟ. ದೂರದ ಊರಿನ ತಂಗಿ ಭಾನುವಾರ ಫೋನ್ ಮಾಡಿ ಊಟ ಆಯಿತಾ ಎಂದು ಕೇಳಿ ಇಡುತ್ತಿದ್ದರು. ನನ್ನ ಗಂಡನಾದವನು ಬೇರೆ ಮನೆ ಮಾಡಿ ಹನ್ನೆರಡು ವರ್ಷವಾಗಿತ್ತು. ದಿನವಿಡೀ ಅಂಗಡಿಗೆ ಬಂದವರಿಗೆ "ಒಂದ್ಕಡೇನಾ ಎರಡೂ ಕಡೇನಾ" ಎಂದು ಕೇಳುವುದನ್ನು ಬಿಟ್ಟರೆ ನನಗೂ ಮಾತಿಗೆ ಯಾರೂ ಇರಲಿಲ್ಲ. ಆ ತೂತು ಎಣಿಸುವ ಅರ್ಧ ಗಂಟೆಗಾಗಿ ನಾನು ಬೆಳಗಿನಿಂದ ಕಾಯುತ್ತಿದ್ದೆ. ಅದನ್ನು ಒಪ್ಪಿಕೊಳ್ಳಲು ಈಗ ನನಗೇನೂ ನಾಚಿಕೆಯಿಲ್ಲ.

ಈಚಿನ ಕೋವಿಗಳಲ್ಲಿ ಚೋಕ್ ಎಂಬುದು ಬೆರಳುದ್ದದ ಬೇರೆಯೇ ಕೊಳವೆ. ಬೇಕಾದ್ದನ್ನು ನಳಿಗೆಯ ಬಾಯಿಗೆ ತಿರುಗಿಸಿ ಕೂರಿಸುವುದು. ಅದಕ್ಕೆಂದು ಮಾವ ಒಂದು ಚೀಟಿ ಬರೆದಿದ್ದರು, ನಾನು ನೂರಾರು ಪ್ರತಿ ತೆಗೆದುಕೊಟ್ಟಿದ್ದೆ. ಕೋವಿ ಖಾಲಿ ಮಾಡಿಯೇ ಚೋಕ್ ಮುಟ್ಟಿ. ಆ ಕೋವಿಗೆಂದೇ ಮಾಡಿದ ಚೋಕ್ ಮಾತ್ರ ಹಾಕಿ. ಚೋಕ್ ಇಲ್ಲದ ಬರಿ ನಳಿಗೆಯಲ್ಲಿ ಹಾರಿಸಬೇಡಿ. ಉಕ್ಕಿನ ಕಾಳಿನ ತೋಟಾಕ್ಕೆ ತೀರಾ ಬಿಗಿ ಚೋಕ್ ಬೇಡ. ಆಟದ ನಡುವೆ ಸಡಿಲವಾಗುತ್ತದೆ, ಆಗಾಗ ನೋಡಿ, ಖಾಲಿ ಮಾಡಿ ನೋಡಿ. ಖಾಲಿ ಎಂಬ ಮಾತಿನ ಕೆಳಗೆಲ್ಲ ಅವರು ಎರಡೆರಡು ಗೆರೆ ಎಳೆದಿದ್ದರು.

ಕೊನೆಯ ಪರೀಕ್ಷೆ ಮಾತ್ರ ಚೀಟಿಯಲ್ಲಿರಲಿಲ್ಲ, ಅದು ಅವರದೇ. ಚೋಕ್ ಕೂರಿಸಿ ಕೀಲಿಯಿಂದ ಬಿಗಿ ಮಾಡಿದ ಮೇಲೆ ನಳಿಗೆಯ ಬಾಯಿಯ ಸುತ್ತ ಉಗುರು ಆಡಿಸುತ್ತಿದ್ದರು. ಒಳಗೆ ಚೂರು ಕಸ ಸಿಕ್ಕಿಕೊಂಡಿದ್ದರೂ ಕೀಲಿ ಬಿಗಿಯಾಯಿತು ಎಂದೇ ಹೇಳುತ್ತದೆ. ಆದರೆ ಕೊಳವೆ ಕಾಲು ಸುತ್ತು ಮೇಲೆಯೇ ನಿಂತಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ, ಉಗುರಿಗೆ ತಡೆಯುತ್ತದೆ. ಹಾಗೆ ಬಿಟ್ಟು ಹಾರಿಸಿದರೆ ಕಾಳು ಆ ಸಂದಿಗೆ ನುಗ್ಗಿ ನಳಿಗೆ ಊದಿಕೊಳ್ಳುತ್ತದೆ, ಗ್ರಹಚಾರ ಕೆಟ್ಟಿದ್ದರೆ ಸೀಳಿಯೂ ಹೋಗುತ್ತದೆ. ನಳಿಗೆಯ ಕೆಳಗೆ ಹಾರಿಸುವವರ ಎಡಗೈ ಇರುತ್ತದೆ.

ಒಂದು ದಿನ ನಾನು ಗಾಜಿನ ಲೋಟದಲ್ಲಿ ಚಹಾ ಕೊಟ್ಟೆ. ನನಗೇ ಹಿಡಿಯಲಾಗದೆ ಸೆರಗಿನಲ್ಲಿ ಹಿಡಿದು ತಂದಿದ್ದೆ. ಮಾವ ಅದನ್ನು ಬರಿಗೈಯಲ್ಲಿ ತೆಗೆದುಕೊಂಡು ಕಥೆ ಹೇಳುತ್ತ ನಿಂತರು. ಮರುದಿನ ಎರಡು ಬೆರಳಿನ ತುದಿಯಲ್ಲಿ ಬೊಕ್ಕೆ ಎದ್ದಿತ್ತು.

"ಸುಟ್ಟಿದ್ದು ಗೊತ್ತಾಗ್ಲಿಲ್ವಾ?"

"ಸಕ್ಕರೆ ಕಾಯಿಲೆಯವರಿಗೆ ಇದೆಲ್ಲ ಇದ್ದದ್ದೇ. ಬಿಡು" ಎಂದು ಕೈಯನ್ನು ಜೇಬಿಗೆ ಹಾಕಿಕೊಂಡರು.

ಅದಾದ ಕೆಲವು ವಾರಕ್ಕೆ, ಕಾಗದ ಕೊಡಲೆಂದು ಹಿಂಬಾಗಿಲಿಂದ ಹೋದಾಗ ನಾನು ನೋಡಬಾರದ್ದನ್ನು ನೋಡಿದೆ. ಅವರು ನಳಿಗೆಯನ್ನು ಕೋವಿಯಿಂದ ಬಿಚ್ಚಿ ಪೂರ್ತಿ ಬೇರೆ ಮಾಡಿಕೊಂಡು, ಅದರ ಬಾಯಿಯನ್ನು ಕೆಳತುಟಿಗೆ ಒತ್ತಿ, ಕಣ್ಣು ಮುಚ್ಚಿ ನಿಧಾನವಾಗಿ ತಿರುಗಿಸುತ್ತಿದ್ದರು. ಬೆರಳಿಗೆ ತಿಳಿಯದ್ದನ್ನು ತುಟಿಯಲ್ಲಿ ಹುಡುಕುತ್ತಿದ್ದರು. ಸದ್ದಾಗದಂತೆ ಹಿಂದೆ ಬಂದುಬಿಟ್ಟೆ. ಸಂಜೆ ಎಂದಿನಂತೆ ತೂತು ಎಣಿಸಿದೆವು.

ನಾನು ಯಾಕೆ ಬಾಯಿಬಿಡಲಿಲ್ಲ ಎಂದರೆ, ಅವರ ಮರ್ಯಾದೆ ಕಾಯಲು ಎಂದು ಎಲ್ಲರಿಗೂ ಹೇಳಬಹುದು. ಅದು ಸುಳ್ಳು. ಹೇಳಿದರೆ ಅವರು ಅಂಗಡಿ ಮುಚ್ಚುತ್ತಾರೆ, ಗೋಡೆಯ ಆಚೆ ಸದ್ದು ನಿಲ್ಲುತ್ತದೆ, ಆಮೇಲೆ ಸಂಜೆ ನಾನು ಏನು ಮಾಡಲಿ? ಆ ಒಂದು ಭಯಕ್ಕೆ ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಪಾಪ, ತುಟಿಯಿಂದಲಾದರೂ ಕೆಲಸ ಸರಿಯಾಗಿಯೇ ನಡೆಯುತ್ತಿದೆಯಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಆ ಚಹಾದ ದಿನದಿಂದ ಎಂಟು ತಿಂಗಳಿಗೆ, ಒಂದು ಭಾನುವಾರ ಬೆಳಗ್ಗೆ, ಕ್ಲಬ್ಬಿನಲ್ಲಿ ಆಡುವ ಹಲ್ಲಿನ ಡಾಕ್ಟರಮ್ಮ ತಮ್ಮ ಕೋವಿಯನ್ನೂ ಹೊಸದೊಂದು ಚೋಕನ್ನೂ ಹಿಡಿದುಕೊಂಡು ಮಾವನಲ್ಲಿಗೆ ಬಂದರು. ಮಧ್ಯಾಹ್ನ ಎರಡಕ್ಕೆ ಕ್ಲಬ್ಬಿನಲ್ಲಿ ಸ್ಪರ್ಧೆ. ಹಾರುವ ಮಣ್ಣಿನ ಬಿಲ್ಲೆಗಳನ್ನು ಒಡೆಯುವ ಆಟ. ಡಾಕ್ಟರಮ್ಮನ ಸ್ಪರ್ಧೆಯ ಫಾರಂ ಪ್ರತಿ ಕೊಡಲು ನಾನೂ ಮಾವನ ಅಂಗಡಿಗೆ ಹೋಗಿ ಬಾಗಿಲಲ್ಲಿ ನಿಂತಿದ್ದೆ. ಡಾಕ್ಟರಮ್ಮ ಕೂರಲಿಲ್ಲ. ಮೇಜಿಗೆ ಒರಗಿ ಮಾವನ ಕೈಯನ್ನೇ ನೋಡುತ್ತ ಮಾತಾಡುತ್ತಿದ್ದರು. ಮಾವ ಚೋಕಿನ ತಿರುಪಿನ ಎಳೆ ಒರೆಸಿದರು, ತೆಳ್ಳಗೆ ಎಣ್ಣೆ ಸವರಿದರು, ಚೋಕ್ ತಿರುಗಿಸಿದರು, ಕೀಲಿ ಹಾಕಿ ಬಿಗಿ ನೋಡಿದರು. ನಳಿಗೆ ಬಿಚ್ಚಲು ಕೈ ಹೋಯಿತು. ಡಾಕ್ಟರಮ್ಮನ ಮುಖ ನೋಡಿದರು. ಕೈ ಹಿಂದಕ್ಕೆ ಬಂತು. ಬಾಯಿಯ ಸುತ್ತ ಉಗುರು ಆಡಿಸಿ "ಸರಿಯಾಗಿದೆ" ಎಂದುಬಿಟ್ಟರು.

ಆ ಉಗುರಿಗೆ ಏನು ಗೊತ್ತಾದೀತು? ಏನೂ ತಡೆಯಲಿಲ್ಲ ಎಂಬುದನ್ನೇ ಅವರು ಸರಿ ಎಂದುಕೊಂಡಿದ್ದರು. ನನಗೆ ಅದು ಗೊತ್ತಿತ್ತು. ಆದರೂ ಫಾರಂ ಕೊಟ್ಟು, ಆಲ್ ದಿ ಬೆಸ್ಟ್ ಎಂದು ಹಲ್ಲು ಕಿರಿದು ಬಂದೆ.

ಒಂದೂವರೆಯ ತನಕ ಏನೂ ಕೆಲಸ ಸಾಗಲಿಲ್ಲ. ಒಬ್ಬರ ಮಾರ್ಕ್ಸ್ ಕಾರ್ಡನ್ನು ಇನ್ನೊಬ್ಬರಿಗೆ ಕೊಟ್ಟೆ. ಕಣ್ಣೆದುರು ಡಾಕ್ಟರಮ್ಮನ ಎಡಗೈ ಬರುತ್ತಿತ್ತು. ಹೋದ ವರ್ಷ ನನ್ನ ದವಡೆ ಹಲ್ಲು ಕೀಳುವಾಗ ಕೆನ್ನೆ ಹಿಡಿದಿದ್ದ ಕೈ. ಕೊನೆಗೆ ಶಟರ್ ಎಳೆದು ಆಚೆ ಹೋದೆ.

"ಮಾವ, ಇವತ್ತು ನೀವು ತುಟಿಗೆ ಹಿಡೀಲಿಲ್ಲ."

ಅವರು ಅರ ಕೆಳಗಿಟ್ಟರು. "ನಿನಗೆ ಯಾವಾಗಿಂದ ಗೊತ್ತು?"

"ಆಗ್ಲೇ ಬಹಳ ದಿನ ಆಯ್ತು."

"ಮತ್ತೆ ಹೇಳ್ಳಿಲ್ಲ?"

"ನೀವು ಹೇಳಿದ್ರಾ?"

ಜಗಳವಾಡಲು ಅದು ಹೊತ್ತಲ್ಲ. ಫೋನ್ ಮಾಡಿದೆವು, ಸ್ವಿಚ್ ಆಫ್. ಆಟದ ಜಾಗದಲ್ಲಿ ಎಲ್ಲರೂ ಹಾಗೇ. ಕ್ಲಬ್ಬಿನ ಫೋನ್ ಬಡಿದುಕೊಳ್ಳುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ನನ್ನ ಸ್ಕೂಟರ್ ತೆಗೆದೆ.

ಮಾವ ಹಿಂದೆ ಕೂತು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡರು. ಮೊದಲ ತಿರುವಿನಲ್ಲೇ ಬೀಳುವಂತಾದರು. "ನಾಚಿಕೆ ಆಮೇಲೆ ಪಡಿ, ನನ್ನ ಹೆಗಲು ಹಿಡ್ಕೊಳ್ಳಿ!" ಎಂದು ರೇಗಿದೆ. ಒಂದು ಕೈ ಹೆಗಲ ಮೇಲೆ ಬಂತು. ಹನ್ನೆರಡು ವರ್ಷದಲ್ಲಿ ನನ್ನನ್ನು ಯಾರೂ ಹಾಗೆ ಹಿಡಿದಿರಲಿಲ್ಲ. ನನಗೆ ಆ ಕೈಯ ಭಾರ, ಬಿಸಿ ಎಲ್ಲ ತಿಳಿಯುತ್ತಿತ್ತು. ಅವರಿಗೆ ಏನೂ ತಿಳಿಯುತ್ತಿರಲಿಲ್ಲ.

"ಹಿಡ್ಕೊಂಡಿದೀನಾ?" ಎಂದು ಕೇಳಿದರು.

"ಹಿಡ್ಕೊಂಡಿದೀರಿ" ಎಂದೆ. ಅಳು ಬಂತು. ಗಾಳಿಗೆ ಕಣ್ಣೀರು ಬಂತೆಂದು ಒರೆಸಿಕೊಂಡೆ.

ನಾವು ಮುಟ್ಟಿದಾಗ ಎರಡು ಹೊಡೆದು ಆಟ ಶುರುವಾಗಿತ್ತು. ಡಾಕ್ಟರಮ್ಮ ಸಾಲಿನಲ್ಲಿ ಎರಡನೆಯವರು. ಮೊದಲಿನವನ ಸರದಿ ಮುಗಿದು ಅವರು ತೋಟಾ ತೆಗೆಯಲು ಜೇಬಿಗೆ ಕೈ ಹಾಕಿದ್ದರು. ಮಾವ ಬೇಲಿಯ ಈಚೆಯಿಂದಲೇ ಎರಡೂ ಕೈ ಎತ್ತಿ, "ನಿಲ್ಲಿಸಿ! ಯಾರೂ ಹಾರಿಸ್ಬೇಡಿ! ಕೋವಿ ಖಾಲಿ ಮಾಡಿ!" ಎಂದು ಕೂಗಿದರು. ಅಲ್ಲಿ ನಿಲ್ಲಿಸಿ ಎಂದು ಯಾರು ಕೂಗಿದರೂ ನಿಲ್ಲಿಸಲೇಬೇಕು. ಎಲ್ಲ ಕೋವಿಗಳೂ ತೆರೆದುಕೊಂಡವು.

ಅವರು ಡಾಕ್ಟರಮ್ಮನ ಹತ್ತಿರ ಹೋಗಿ ಖಾಲಿಯಿದೆಯೆಂದು ನೋಡಿ, ನಳಿಗೆ ಬಿಚ್ಚಿಸಿದರು. "ಬಾಯಿ ಸುತ್ತ ನಿಮ್ಮ ಉಗುರು ಆಡಿಸಿ ನೋಡಿ ಡಾಕ್ಟರಮ್ಮ."

ಡಾಕ್ಟರಮ್ಮ ಆಡಿಸಿದರು. ಒಂದು ಕಡೆ ಬೆರಳು ನಿಂತಿತು. "ಏನೋ ತಡೀತಿದೆ."

ಚೋಕ್ ಬಿಚ್ಚಿದರೆ ಬುಡದಲ್ಲಿ ಎಳ್ಳಿನಷ್ಟು ಕರಿ ಕಸ. ಕಾಲು ಸುತ್ತು ಕೂತೇ ಇರಲಿಲ್ಲ.

ಸ್ಪರ್ಧೆ ನಡೆಸುವವರು ಒಳ್ಳೆಯ ಮನುಷ್ಯ. "ಕಾರಿನ ಕುಲುಕಾಟಕ್ಕೆ ಸಡಿಲ ಆಗಿರ್ಬೇಕು ಬಿಡಿ. ನೀವು ಹಾಕಿದ್ದು ತಪ್ಪಾಗುತ್ತಾ?" ಎಂದರು. ಎಲ್ಲರೂ ತಲೆಯಾಡಿಸಿದರು. ಹೂಂ ಅನ್ನಿ ಮಾವ, ಹೂಂ ಎಂದುಬಿಡಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಕೈ ಉಳಿಯಿತು, ಇನ್ನು ಅಂಗಡಿಯೂ ಉಳಿಯಲಿ. ಅಷ್ಟು ಸ್ವಾರ್ಥ ನನಗೆ ಆಗಲೂ ಇತ್ತು.

"ಇಲ್ಲ. ನಾನೇ ಸರಿಯಾಗಿ ಕೂರಿಸಿಲ್ಲ. ನನ್ನ ಬೆರಳಿಗೆ ಸ್ಪರ್ಶ ಹೋಗಿ ಎಂಟು ತಿಂಗಳಾಯ್ತು. ನಿಮಗ್ಯಾರಿಗೂ ಹೇಳಿಲ್ಲ. ಈ ಎಂಟು ತಿಂಗಳಲ್ಲಿ ನಾನು ಮುಟ್ಟಿದ ಕೋವಿಗಳನ್ನೆಲ್ಲ ಹಾರಿಸೋಕೆ ಮುಂಚೆ ಬೇರೆಯವರ ಹತ್ರ ತೋರಿಸಿ."

ಯಾರೂ ಒಂದು ಕೆಟ್ಟ ಮಾತಾಡಲಿಲ್ಲ. "ನಾನೇ ಒಂದ್ಸಲ ನೋಡ್ಕೋಬೇಕಿತ್ತು, ನೀವು ಹಾಕಿದ್ದಲ್ವಾ ಅಂತ ಬಿಟ್ಟೆ" ಎಂದು ಡಾಕ್ಟರಮ್ಮ ಅವರ ಕೈ ಹಿಡಿದರು. ಎಲ್ಲರೂ ಗೌರವದಿಂದ ಮಾತಾಡಿಸಿದರು. ಆಮೇಲೆ ಗೌರವದಿಂದಲೇ ಅಂಗಡಿಗೆ ಬರುವುದನ್ನು ಬಿಟ್ಟರು. ಅದರಲ್ಲಿ ತಪ್ಪೇನಿದೆ, ಮಾವ ಹೇಳಿದ್ದನ್ನೇ ಮಾಡಿದರು.

ಎರಡು ತಿಂಗಳು ಅವರು ದಿನಾ ಶಟರ್ ಎತ್ತಿ ಕೂತರು. ನಾನು ಪ್ಲಾನಿನ ಹಾಳೆಗಳನ್ನು ತೆಗೆದಿಡುತ್ತ ಹೋದೆ. ಎಣಿಸಲು ತೂತುಗಳಿರಲಿಲ್ಲ. ಸಂಜೆ ಬಂದು ನನ್ನ ಸ್ಟೂಲಿನ ಮೇಲೆ ಸುಮ್ಮನೆ ಕೂತು ಎದ್ದು ಹೋಗುತ್ತಿದ್ದರು. ಆಮೇಲೆ ಲೈಸೆನ್ಸ್ ಮರಳಿಸಿ, ಸಲಕರಣೆಗಳನ್ನೆಲ್ಲ ಕ್ಲಬ್ಬಿಗೆ ಕೊಟ್ಟು, ತಂಗಿಯ ಊರಿಗೆ ಹೊರಟರು.

ಬಸ್ ನಿಲ್ದಾಣಕ್ಕೆ ನಾನೇ ಕರೆದುಕೊಂಡು ಹೋದೆ. ಚೀಲವನ್ನು ನನ್ನ ಕಾಲ ಬಳಿ ಇಟ್ಟುಕೊಂಡೆ. ಈ ಸಲ ಅವರು ಹೇಳಿಸಿಕೊಳ್ಳದೆ ಹೆಗಲು ಹಿಡಿದರು. ಮೂಳೆ ನೋಯುವಷ್ಟು ಗಟ್ಟಿಯಾಗಿ ಹಿಡಿದಿದ್ದರು.

"ಜಾಸ್ತಿ ಬಿಗಿಯಾಗಿದ್ರೆ ಹೇಳಮ್ಮ, ನನಗೆ ಗೊತ್ತಾಗಲ್ಲ."

"ಇಲ್ಲ ಮಾವ, ಸರಿಯಾಗೇ ಇದೆ" ಎಂದೆ, ಮತ್ತು ಹತ್ತಿರದ ರಸ್ತೆ ಬಿಟ್ಟು ಕೆರೆಯ ಸುತ್ತಿನ ರಸ್ತೆ ಹಿಡಿದೆ.